ನಗದಿನಿಂದ ಡಿಜಿಟಲ್ ಪಾವತಿಗೆ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ರಾಮದುರ್ಗ ತಾಲ್ಲೂಕಿನ ಸುರೇಬಾನದಂತಹ ಊರಿನಲ್ಲಿ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಈಗ ಕ್ಯೂಆರ್ ಫಲಕವೂ, ಹಣ ಜಮೆಯಾದೊಡನೆ ಕೂಗಿ ಹೇಳುವ ಧ್ವನಿಪೆಟ್ಟಿಗೆಯೂ ಇರುವುದು ಸಾಮಾನ್ಯ ನೋಟವಾಗಿದೆ. ಚಹದಂಗಡಿ, ಗೊಬ್ಬರದ ಅಂಗಡಿ, ಔಷಧ ಮಳಿಗೆ, ಸಂತೆಯಲ್ಲಿ ಗೋಣಿತಟ್ಟು ಹಾಸಿ ಕುಳಿತ ತರಕಾರಿ ಮಾರುವವರು, ಹೀಗೆ ಎಲ್ಲೆಡೆ ಇದೇ ರೂಢಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿಯೂ 2023ರಿಂದ ಟಿಕೆಟ್ ಹಣವನ್ನು ಮೊಬೈಲ್ ಮೂಲಕ ಪಾವತಿಸುವ ವ್ಯವಸ್ಥೆ ಬಂದಿದೆ. ಬದಲಾವಣೆ ಒಳ್ಳೆಯದೇ. ಆದರೆ ಅದರ ಜೊತೆಯಲ್ಲಿ ಒಂದು ಮಾತೂ ರೂಢಿಗೆ ಬಂದಿದೆ: ‘ಚಿಲ್ಲರೆ ಇಲ್ಲ, ಫೋನ್ ಪೇ ಮಾಡಿ.’ ಕೈಯಲ್ಲಿ ಐದುನೂರರ ನೋಟು ಹಿಡಿದು, ಸ್ಮಾರ್ಟ್‌ಫೋನ್ ಇಲ್ಲದೆ ನಿಂತ ವೃದ್ಧರಿಗೆ ಈ ಮಾತು ‘ನಿಮಗೆ ಇಲ್ಲಿ ಸರಕಿಲ್ಲ’ ಎಂದು ಕೇಳಿಸುತ್ತದೆ. ಅನುಕೂಲವೊಂದು ಅನಿವಾರ್ಯವಾಗುವ ಈ ಹಂತವನ್ನು ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸುವುದು ಅಗತ್ಯ.

ಏಕೀಕೃತ ಪಾವತಿ ವ್ಯವಸ್ಥೆ, ಅಂದರೆ ಯುಪಿಐ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮದಿಂದ 2016ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳ ಮಾನ್ಯತೆ ರದ್ದಾಯಿತು. ಬ್ಯಾಂಕಿನ ಮುಂದೆ ಸರತಿಯಲ್ಲಿ ನಿಂತ ದಿನಗಳು ಹಳ್ಳಿಗಳ ನೆನಪಿನಲ್ಲಿ ಇನ್ನೂ ಇವೆ. ಗಂಡನಿಗೂ ತಿಳಿಯದಂತೆ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣವನ್ನು ಹೆಣ್ಣುಮಕ್ಕಳು ಹೊರತೆಗೆದು ತೋರಿಸಬೇಕಾಗಿ ಬಂದದ್ದೂ ಆಗಲೇ. ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಿಡುಗಡೆಯಾಯಿತು. 2020ರ ಜನವರಿ 1ರಿಂದ ಯುಪಿಐ ಮೂಲಕ ಹಣ ಪಡೆಯುವ ವ್ಯಾಪಾರಿಯಿಂದ ಶುಲ್ಕ ವಸೂಲು ಮಾಡುವುದು ನಿಂತಿತು. ಕೊರೊನಾ ಕಾಲದಲ್ಲಿ ನೋಟು ಮುಟ್ಟಲು ಜನ ಹಿಂಜರಿದದ್ದು ಉಳಿದ ಕೆಲಸವನ್ನು ಮಾಡಿತು. 2023ರ ಆಗಸ್ಟ್‌ನಲ್ಲಿ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ ತಿಂಗಳಿಗೆ 1000 ಕೋಟಿ ದಾಟಿತು. ಎರಡೇ ವರ್ಷಗಳಲ್ಲಿ, 2025ರ ಆಗಸ್ಟ್‌ನಲ್ಲಿ, 2000 ಕೋಟಿ ದಾಟಿತು.

ಇಷ್ಟಾದರೂ ದೇಶದಲ್ಲಿ ನಗದು ಕಡಿಮೆಯಾಗಿದೆಯೇ ಎಂದು ಕೇಳಿದರೆ ಉತ್ತರ ಅಚ್ಚರಿ ತರುತ್ತದೆ. ನೋಟು ರದ್ದತಿಯ ಮುನ್ನಾದಿನಗಳಲ್ಲಿ ಚಲಾವಣೆಯಲ್ಲಿದ್ದ ನಗದು ಸುಮಾರು 17.7 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚ್ ಅಂತ್ಯಕ್ಕೆ ಅದು 36 ಲಕ್ಷ ಕೋಟಿಯನ್ನು ಮೀರಿತ್ತು. ಅಂದರೆ ನೋಟುಗಳು ಮಾಯವಾಗಿಲ್ಲ, ಕೈಯಿಂದ ಕೈಗೆ ಓಡಾಡುವುದು ಕಡಿಮೆಯಾಗಿದೆ. ಜನರು ನಗದನ್ನು ಕಷ್ಟಕಾಲಕ್ಕೆಂದು ಇರಿಸಿಕೊಳ್ಳುತ್ತಾರೆ, ದಿನದ ಖರ್ಚಿಗೆ ಫೋನನ್ನು ಬಳಸುತ್ತಾರೆ. ಇನ್ನೊಂದು ಸಂಗತಿ ಹಳ್ಳಿಗಳಿಗೆ ನೇರವಾಗಿ ತಟ್ಟುವಂಥದ್ದು: ಚಲಾವಣೆಯಲ್ಲಿರುವ ನೋಟುಗಳ ಮೌಲ್ಯದಲ್ಲಿ ಶೇ 86ರಷ್ಟು ಪಾಲು 500 ರೂಪಾಯಿಯ ನೋಟುಗಳದ್ದೇ. (2016ರಲ್ಲಿ ರದ್ದಾದ ನೋಟುಗಳ ಪಾಲೂ ಶೇ 86ರಷ್ಟೇ ಇತ್ತು.) ಎಟಿಎಂ ಐದುನೂರರ ನೋಟು ಕೊಡುತ್ತದೆ, ಅಂಗಡಿಯಲ್ಲಿ ನಲವತ್ತು ರೂಪಾಯಿಯ ಸರಕಿಗೆ ಅದನ್ನು ಒಡೆಯಲು ಚಿಲ್ಲರೆ ಇರುವುದಿಲ್ಲ. ಚಿಲ್ಲರೆಯ ಅಭಾವವೇ ಅನೇಕರನ್ನು ಇಷ್ಟವಿರಲಿ ಇಲ್ಲದಿರಲಿ ಡಿಜಿಟಲ್ ಪಾವತಿಯ ಕಡೆಗೆ ತಳ್ಳಿದೆ. ಇದನ್ನು ಮನಗಂಡೇ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 28ರಂದು ಎಟಿಎಂಗಳಿಗೆ ಸೂಚನೆ ನೀಡಿತು: 2025ರ ಸೆಪ್ಟೆಂಬರ್ 30ರ ವೇಳೆಗೆ ಶೇ 75ರಷ್ಟು, 2026ರ ಮಾರ್ಚ್ 31ರ ವೇಳೆಗೆ ಶೇ 90ರಷ್ಟು ಎಟಿಎಂಗಳು ಕನಿಷ್ಠ ಒಂದು ಪೆಟ್ಟಿಗೆಯಿಂದ 100 ಅಥವಾ 200 ರೂಪಾಯಿಯ ನೋಟು ಕೊಡಬೇಕು. ತಮ್ಮ ವ್ಯಾಪ್ತಿಯ ಎಟಿಎಂ ಈ ಸೂಚನೆಯನ್ನು ಪಾಲಿಸುತ್ತಿದೆಯೇ ಎಂದು ಬ್ಯಾಂಕ್ ವ್ಯವಸ್ಥಾಪಕರನ್ನು ಕೇಳುವ ಅಧಿಕಾರ ಯಾವುದೇ ಸದಸ್ಯರಿಗೂ, ನಾಗರಿಕರಿಗೂ ಇದೆ.

ಖಾತೆಗೆ ಬಂದ ಹಣ ಯಾರ ಕೈಗೆ

ಸರ್ಕಾರದ ನೆರವು ಇಂದು ಬಹುಪಾಲು ಖಾತೆಗೇ ಬರುತ್ತದೆ. 2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2000 ರೂಪಾಯಿ, ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6000 ರೂಪಾಯಿ, ವೃದ್ಧಾಪ್ಯ ಮತ್ತು ವಿಧವಾ ವೇತನ ಇವೆಲ್ಲಕ್ಕೂ ಖಾತೆಯೇ ದಾರಿ. ಉದ್ಯೋಗ ಖಾತರಿಯ ಕೂಲಿಗೆ 2024ರ ಜನವರಿ 1ರಿಂದ ಆಧಾರ್ ಆಧಾರಿತ ಪಾವತಿಯನ್ನು ಕಡ್ಡಾಯಗೊಳಿಸಲಾಯಿತು.

ಪಂಚಾಯಿತಿ ಕಚೇರಿಗೆ ಬರುವ ‘ಹಣ ಬಂದಿಲ್ಲ’ ಎಂಬ ಅಹವಾಲುಗಳಲ್ಲಿ ಕೆಲವು ವಾಸ್ತವವಾಗಿ ‘ಹಣ ಎಲ್ಲಿ ಬಂದಿದೆ ಎಂದು ತಿಳಿದಿಲ್ಲ’ ಎಂಬ ಅಹವಾಲುಗಳಾಗಿರುತ್ತವೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ಫಲಾನುಭವಿ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ; ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಒಬ್ಬ ಮಹಿಳೆ ಮೊದಲು ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದು, ನಂತರ ಸಂಘದ ಸಾಲಕ್ಕಾಗಿ ಮತ್ತೊಂದು ಬ್ಯಾಂಕಿನಲ್ಲಿ, ಬಳಿಕ ಅಂಚೆ ಪಾವತಿ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ ಹಣ ಮೂರನೆಯದರಲ್ಲಿ ಬಿದ್ದಿರಬಹುದು; ಆಕೆ ಮೊದಲನೆಯ ಪಾಸ್‌ಬುಕ್ ಹಿಡಿದು ಅಲೆಯುತ್ತಿರಬಹುದು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಕೆಲವೇ ನಿಮಿಷಗಳಲ್ಲಿ ನೋಡಬಹುದು. ಮೊಬೈಲ್ ಸಂಖ್ಯೆ ಆಧಾರ್‌ಗೆ ಜೋಡಣೆಯಾಗಿರಬೇಕು, ಅಷ್ಟೇ. ಈ ಪರಿಶೀಲನೆಯನ್ನು ಬಾಪೂಜಿ ಸೇವಾ ಕೇಂದ್ರದಲ್ಲಿ ಮಾಡಿಕೊಟ್ಟರೆ ಬಡವರಿಗೆ ತಾಲ್ಲೂಕು ಕೇಂದ್ರದ ಒಂದು ದಿನದ ಅಲೆದಾಟವೂ, ಕೂಲಿಯೂ ಉಳಿಯುತ್ತದೆ.

ಬ್ಯಾಂಕಿನ ಹೆಸರುಗಳೂ ಬದಲಾಗುತ್ತಿವೆ. 1976ರಲ್ಲಿ ಧಾರವಾಡದಲ್ಲಿ ಆರಂಭವಾದ ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಇತರ ಮೂರು ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಅದು ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಮಲಪ್ರಭಾ ಬ್ಯಾಂಕು’. ಇಂತಹ ವಿಲೀನದ ಸಮಯದಲ್ಲಿ ‘ನಿಮ್ಮ ಖಾತೆ ಬದಲಾಗುತ್ತಿದೆ, ಒಟಿಪಿ ಹೇಳಿ’ ಎಂಬ ಮೋಸದ ಕರೆಗಳಿಗೆ ಅವಕಾಶ ಹೆಚ್ಚು ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸುವುದು ಒಳಿತು.

ಹಣ ಖಾತೆಗೆ ಬಂದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಗೃಹಲಕ್ಷ್ಮಿ ಹಣ ಮನೆಯ ಯಜಮಾನಿಯ ಹೆಸರಿಗೆ ಬರುತ್ತದೆ. ಆದರೆ ಖಾತೆಗೆ ಜೋಡಣೆಯಾದ ಮೊಬೈಲ್ ಮಗನದ್ದೋ ಗಂಡನದ್ದೋ ಆಗಿದ್ದರೆ ಹಣ ಬಂದ ಸಂದೇಶ ಅವರಿಗೆ ಹೋಗುತ್ತದೆ. ಯುಪಿಐ ತೆರೆದಿರುವುದೂ ಅದೇ ಫೋನಿನಲ್ಲಿ, ಪಿನ್ ತಿಳಿದಿರುವುದೂ ಅವರಿಗೇ. ನಗದಿನ ಕಾಲದಲ್ಲಿ ಮಹಿಳೆ ತನ್ನ ಹಣವನ್ನು ತಾನೇ ಎಣಿಸಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಈಗ ತನ್ನ ಖಾತೆಯಲ್ಲಿ ಎಷ್ಟಿದೆ ಎಂದು ತಿಳಿಯಲು ಬೇರೊಬ್ಬರನ್ನು ಕೇಳಬೇಕಾಗಿದೆ. ಸ್ವಸಹಾಯ ಸಂಘಗಳ ಸಭೆಯಲ್ಲಿ ಸದಸ್ಯೆಯರ ಖಾತೆಗೆ ಅವರದೇ ಮೊಬೈಲ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಚಿಕ್ಕ ಕೆಲಸವಾದರೂ ಪರಿಣಾಮ ಚಿಕ್ಕದಲ್ಲ. ರೀಚಾರ್ಜ್ ಮಾಡದೆ ಬಹುಕಾಲ ಬಿಟ್ಟ ಸಂಖ್ಯೆ ರದ್ದಾಗಿ ಬೇರೆಯವರ ಪಾಲಾಗಬಹುದು. ಅಂತಹ ಸಂಖ್ಯೆಗಳ ಯುಪಿಐ ಸಂಪರ್ಕವನ್ನು ಕಡಿದುಹಾಕುವ ನಿಯಮ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಸ್ಮಾರ್ಟ್‌ಫೋನ್ ಇಲ್ಲದವರಿಗೂ ದಾರಿಗಳಿವೆ, ಅವು ಹೆಚ್ಚು ಪ್ರಚಾರ ಪಡೆದಿಲ್ಲ. ಸಾಮಾನ್ಯ ಕೀಪ್ಯಾಡ್ ಫೋನಿನಿಂದ ಇಂಟರ್ನೆಟ್ ಇಲ್ಲದೆ ಹಣ ಕಳುಹಿಸುವ ಯುಪಿಐ 123ಪೇ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಆರಂಭಿಸಿತು. ಸ್ಟಾರ್ 99 ಹ್ಯಾಶ್ ಒತ್ತಿ ಶಿಲ್ಕು ನೋಡುವ, ಹಣ ಕಳುಹಿಸುವ ವ್ಯವಸ್ಥೆ ಅದಕ್ಕಿಂತ ಹಳೆಯದು. ಸ್ಮಾರ್ಟ್‌ಫೋನ್ ಇರುವವರು ಸಣ್ಣ ಮೊತ್ತಕ್ಕೆ ಯುಪಿಐ ಲೈಟ್ ಬಳಸಬಹುದು. ಅದರಲ್ಲಿ ಪ್ರತಿ ಬಾರಿ ಪಿನ್ ಬೇಡ, ಪಾಸ್‌ಬುಕ್ ತುಂಬ ಹತ್ತು–ಇಪ್ಪತ್ತು ರೂಪಾಯಿಯ ನಮೂದುಗಳೂ ಬೀಳುವುದಿಲ್ಲ.

ಬೆರಳಚ್ಚಿನ ಪಾವತಿ

ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಮತ್ತು ಅಂಚೆಯಣ್ಣ ಬೆರಳಚ್ಚು ಪಡೆದು ಹಣ ಕೊಡುವ ಆಧಾರ್ ಪಾವತಿ ವ್ಯವಸ್ಥೆ ದೊಡ್ಡ ಉಪಕಾರವನ್ನೇ ಮಾಡಿದೆ. ಆದರೆ ದೂರುಗಳೂ ಇಲ್ಲಿಯೇ ಹೆಚ್ಚು. ‘ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಇಡಿ’ ಎಂದು ಹೇಳಿ ಎರಡು ಬಾರಿ ಹಣ ತೆಗೆದುಕೊಂಡು ಒಂದು ಬಾರಿಯದನ್ನು ಮಾತ್ರ ಕೊಡುವುದು ಮೋಸದ ಅತಿ ಸರಳ ರೂಪ. ಪ್ರತಿ ಸಲವೂ ಮುದ್ರಿತ ರಸೀದಿ ಕೇಳಬೇಕು. ವಿಫಲವಾದ ಪ್ರಯತ್ನಕ್ಕೂ ರಸೀದಿ ಬರುತ್ತದೆ. ಗೇಯ್ದು ಗೇಯ್ದು ಸವೆದ ಕೈಗಳ ಬೆರಳ ಗೆರೆ ಯಂತ್ರಕ್ಕೆ ಸಿಗದಿರುವುದು ನಿಜವೇ. ಆ ಕಾರಣಕ್ಕೆ ರಸೀದಿ ಇನ್ನೂ ಮುಖ್ಯ.

2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಗಳಿಂದ ಹಣ ತೆಗೆದರೆಂಬ ದೂರುಗಳು ಬೆಂಗಳೂರು, ಮಂಗಳೂರುಗಳಲ್ಲಿ ಪೊಲೀಸರ ಮುಂದೆ ಬಂದವು. ಒಟಿಪಿ ಹೇಳದೆ, ಪಿನ್ ಕೊಡದೆ, ಮನೆಯಲ್ಲಿ ಮಲಗಿದ್ದವರ ಹಣ ಹೋಗಿತ್ತು. ಬೆರಳಚ್ಚಿನಿಂದ ಹಣ ತೆಗೆಯುವ ಅಗತ್ಯವಿಲ್ಲದವರು ಆಧಾರ್ ಆ್ಯಪ್‌ನಲ್ಲಿ ತಮ್ಮ ಬಯೋಮೆಟ್ರಿಕ್ ಮಾಹಿತಿಯನ್ನು ಬೀಗ ಹಾಕಿಟ್ಟು, ಪಡಿತರ ಮುಂತಾದ ಕೆಲಸಕ್ಕೆ ಬೇಕಾದಾಗ ತೆರೆಯಬಹುದು. ಇಂತಹ ಕೇಂದ್ರಗಳನ್ನು ನಡೆಸುವವರ ಪರಿಶೀಲನೆಯನ್ನು ಬಿಗಿಗೊಳಿಸಿ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ನಿರ್ದೇಶನ ಹೊರಡಿಸಿತು. 2026ರ ಜನವರಿ 1 ಅದರ ಜಾರಿಯ ದಿನ.

ಹಣ ಕಡಿತವಾಗಿ ತಲುಪದಿದ್ದರೆ

ಖಾತೆಯಿಂದ ಹಣ ಕಡಿತವಾಯಿತು, ಅಂಗಡಿಯವರಿಗೆ ಬರಲಿಲ್ಲ. ಇಂತಹ ಸಂದರ್ಭದಲ್ಲಿ ಹಳ್ಳಿಗಳಲ್ಲಿ ಜಗಳವಾಗುವುದುಂಟು, ಗ್ರಾಹಕರು ಎರಡನೆಯ ಬಾರಿ ಹಣ ಕೊಟ್ಟು ಸುಮ್ಮನಾಗುವುದೂ ಉಂಟು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ನ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಪಾವತಿಸಿದ್ದು ಖಚಿತವಾಗದಿದ್ದರೆ ಐದು ದಿನಗಳೊಳಗೆ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಗ್ರಾಹಕರು ಕೇಳದೆಯೇ ಬ್ಯಾಂಕ್ ಜಮೆ ಮಾಡಬೇಕು. ಈ ನಿಯಮವನ್ನು ಬಲ್ಲ ಗ್ರಾಹಕರು ಬಹಳ ಕಡಿಮೆ.

ಮೋಸದಿಂದ ಹಣ ಹೋದಾಗ ಮಾತ್ರ ಗಡಿಯಾರವೇ ಮುಖ್ಯ. ತಕ್ಷಣ 1930 ಸಂಖ್ಯೆಗೆ ಕರೆ ಮಾಡಿದರೆ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕರದ್ದಾಗಲಿ ಬ್ಯಾಂಕಿನದ್ದಾಗಲಿ ತಪ್ಪಿಲ್ಲದೆ ಹೊರಗಿನವರು ಎಸಗಿದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆ ಇಲ್ಲ. ಆದರೆ ತಾವೇ ಪಿನ್ ಒತ್ತಿ ಕಳುಹಿಸಿದ್ದರೆ, ಒಟಿಪಿ ಹೇಳಿದ್ದರೆ, ಈ ರಕ್ಷಣೆ ಸಿಗದು. ಆದ್ದರಿಂದ ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ: ಹಣ ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಹಣ ಕೋರುವ ಮನವಿ ಕಳುಹಿಸಿ ಮೋಸ ಮಾಡುವುದು ಹೆಚ್ಚಿದ್ದರಿಂದ ವ್ಯಕ್ತಿಗಳ ನಡುವಿನ ಆ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ.

ಯುವಕರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಖಾತೆ ಮತ್ತು ಸಿಮ್ ಅನ್ನು ‘ಬಾಡಿಗೆಗೆ’ ಕೊಟ್ಟರೆ ತಿಂಗಳಿಗೆ ಇಷ್ಟು ಹಣ ಎಂಬ ಆಮಿಷ ಕಾಲೇಜು ಓದುವವರವರೆಗೂ ಬಂದಿದೆ. ಆ ಖಾತೆಯಲ್ಲಿ ಓಡಾಡುವುದು ಯಾರದೋ ಕಣ್ಣೀರಿನ ಹಣ. ಪೊಲೀಸರು ಮೊದಲು ಬರುವುದು ಖಾತೆಯ ಒಡೆಯರ ಮನೆಗೆ.

ಸಣ್ಣ ವ್ಯಾಪಾರಿಗಳ ಅಳುಕು

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕಾಗದಗಳು ಅಂಟಿದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೂ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ಉತ್ತರ ಕರ್ನಾಟಕದ ಸಂತೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದೂ ನೋಂದಣಿ ಮಾಡಿಸಿಕೊಳ್ಳಬೇಕೆಂದೂ ತಿಳಿಸಿದ ಮೇಲೆ 25ರಂದು ಕರೆ ನೀಡಿದ್ದ ಬಂದ್ ಹಿಂತೆಗೆಯಲ್ಪಟ್ಟಿತು.

ಈ ವಿಷಯದಲ್ಲಿ ಹಳ್ಳಿಗಳಲ್ಲಿ ಹಬ್ಬಿದ ತಪ್ಪು ತಿಳಿವಳಿಕೆಯನ್ನು ಸದಸ್ಯರು ತಿದ್ದಬಹುದು. ಯುಪಿಐ ಬಳಸಿದ್ದಕ್ಕೆ ತೆರಿಗೆ ಇಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದ್ದು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ನಗದಿನಲ್ಲಿ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ತಾಜಾ ತರಕಾರಿ, ಹಣ್ಣು, ಹಾಲಿನಂತಹ ತೆರಿಗೆ ವಿನಾಯಿತಿ ಪಡೆದ ಸರಕನ್ನು ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿಯ ಅಗತ್ಯವಿಲ್ಲ. ಆದರೆ ಅಂಗಡಿಯ ಹಣವನ್ನೂ, ಹೊಲ ಮಾರಿದ ಹಣವನ್ನೂ, ತಮ್ಮನ ಮದುವೆಗೆಂದು ನೆಂಟರು ಕಳುಹಿಸಿದ್ದನ್ನೂ ಒಂದೇ ಖಾತೆಗೆ ಹಾಕಿಕೊಂಡವರಿಗೆ ಲೆಕ್ಕ ಒಪ್ಪಿಸುವುದು ಕಷ್ಟವಾಗುತ್ತದೆ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ ಇರಿಸಿಕೊಳ್ಳುವುದು ಇದಕ್ಕೆ ಸುಲಭ ಪರಿಹಾರ.

ಪಂಚಾಯಿತಿಯ ಕೌಂಟರು ಮತ್ತು ಡಿಜಿಟಲ್ ಸಹಿ

ಮನೆ ಕಂದಾಯ, ನೀರಿನ ಕರವನ್ನು ಯುಪಿಐ ಮತ್ತು ಪಿಒಎಸ್ ಯಂತ್ರದ ಮೂಲಕ ಸಂಗ್ರಹಿಸುವುದರಿಂದ ಹಣ ನೇರವಾಗಿ ಪಂಚಾಯಿತಿ ಖಾತೆಗೆ ಜಮೆಯಾಗುತ್ತದೆ. ಕರ ವಸೂಲಿಗಾರರ ಜೇಬು ಮತ್ತು ಬ್ಯಾಂಕಿನ ನಡುವೆ ಹಣ ತಂಗುವ ಹಳೆಯ ಆಕ್ಷೇಪಣೆಗೆ ಆಸ್ಪದವಿರುವುದಿಲ್ಲ. ಆದಾಗ್ಯೂ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನಂತೆ ನೋಟು ಕಾನೂನುಬದ್ಧ ಹಣವೇ ಆಗಿದೆ. ನಗದು ಹಿಡಿದು ಬಂದವರನ್ನು ‘ಫೋನ್ ಇದ್ದವರನ್ನು ಕರೆದುಕೊಂಡು ಬನ್ನಿ’ ಎಂದು ಹಿಂದೆ ಕಳುಹಿಸುವುದು ಸಲ್ಲದು. ನಗದು ಪಡೆದು, ಪಂಚತಂತ್ರ ತಂತ್ರಾಂಶದ ರಸೀದಿ ಕೊಟ್ಟು, ಹಣವನ್ನು ತಡಮಾಡದೆ ಬ್ಯಾಂಕಿಗೆ ಕಟ್ಟಬೇಕು. ಕೌಂಟರಿನ ಕ್ಯೂಆರ್ ಫಲಕದಲ್ಲಿ ತೋರುವ ಹೆಸರು ಪಂಚಾಯಿತಿಯದ್ದೇ ಆಗಿರಬೇಕು, ಸಿಬ್ಬಂದಿಯ ವೈಯಕ್ತಿಕ ಹೆಸರಾಗಿರಬಾರದು. ಫಲಕದ ಮೇಲೆ ಬೇರೆ ಚೀಟಿ ಅಂಟಿಸುವ ವಂಚನೆಯೂ ಇರುವುದರಿಂದ ವಾರಕ್ಕೊಮ್ಮೆ ಒಂದು ರೂಪಾಯಿ ಕಳುಹಿಸಿ ನೋಡುವುದು ಅತಿಯೆನಿಸಿದರೂ ವ್ಯರ್ಥವಲ್ಲ.

ಪಂಚಾಯಿತಿಯಿಂದ ಹೊರಹೋಗುವ ಹಣದ ವಿಷಯ ಇನ್ನೂ ಗಂಭೀರ. ಹದಿನೈದನೇ ಹಣಕಾಸು ಆಯೋಗದ ಅನುದಾನದ ಪಾವತಿಗಳು ಇ-ಗ್ರಾಮ ಸ್ವರಾಜ್ ತಂತ್ರಾಂಶದಲ್ಲಿ ಡಿಜಿಟಲ್ ಸಹಿಯ ಮೂಲಕ ನಡೆಯುತ್ತವೆ. ಚೆಕ್ಕಿಗೆ ಸಹಿ ಹಾಕುವ ಕಾಲದಲ್ಲಿ ಅಧ್ಯಕ್ಷರು ಕನಿಷ್ಠ ಮೊತ್ತವನ್ನು ಕಣ್ಣಿನಿಂದ ನೋಡುತ್ತಿದ್ದರು. ಈಗ ಅವರ ಸಹಿ ಒಂದು ಚಿಕ್ಕ ಟೋಕನ್‌ನಲ್ಲಿದೆ. ಅದನ್ನು ಪಾಸ್‌ವರ್ಡ್ ಸಮೇತ ಕಚೇರಿಯ ಡ್ರಾಯರಿನಲ್ಲಿ ಬಿಟ್ಟು ಹೋಗುವುದು ಖಾಲಿ ಚೆಕ್ ಪುಸ್ತಕಕ್ಕೆ ಸಹಿ ಮಾಡಿಟ್ಟು ಹೋದಂತೆಯೇ ಸರಿ. ಲೆಕ್ಕ ಪರಿಶೋಧನೆಯಲ್ಲಿ ‘ನನಗೆ ತಿಳಿಯದೆ ಆಗಿದೆ’ ಎಂಬ ಉತ್ತರ ನಿಲ್ಲುವುದಿಲ್ಲ. ಟೋಕನ್ ಅಧ್ಯಕ್ಷರ ವಶದಲ್ಲಿಯೇ ಇರಬೇಕು. ಮಹಿಳಾ ಅಧ್ಯಕ್ಷರಿರುವಲ್ಲಿ ಅದು ಅವರ ವಶದಲ್ಲಿ ಇರಬೇಕೇ ಹೊರತು ಮನೆಯವರ ವಶದಲ್ಲಿ ಅಲ್ಲ. ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಹಿಂದಿನ ತಿಂಗಳ ಪಾವತಿಗಳ ಪಟ್ಟಿಯನ್ನು ಓದಿಸುವಂತೆ ಸದಸ್ಯರು ಕೇಳಬೇಕು.

ಜಾಲ ಸ್ಥಗಿತಗೊಂಡ ದಿನ

2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೆಲ ಗಂಟೆಗಳ ಕಾಲ ಸರಿಯಾಗಿ ಕೆಲಸ ಮಾಡಲಿಲ್ಲ. ಅದೇ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ವಿದ್ಯುತ್ ಕಡಿತಗೊಂಡಾಗ ಕಾರ್ಡ್ ಯಂತ್ರಗಳು ನಿಂತು, ಜೇಬಿನಲ್ಲಿ ನಗದು ಇದ್ದವರು ಮಾತ್ರ ಬ್ರೆಡ್ಡು, ನೀರು ಕೊಂಡರು. ಡಿಜಿಟಲ್ ಪಾವತಿಯಲ್ಲಿ ಬಹಳ ಮುಂದಿರುವ ನಾರ್ವೆ, ಅಂಗಡಿಗಳಲ್ಲಿ ನಗದು ಕೊಡುವ ಗ್ರಾಹಕರ ಹಕ್ಕನ್ನು 2024ರ ಅಕ್ಟೋಬರ್‌ನಿಂದ ಕಾನೂನಿನಲ್ಲಿ ಬಲಪಡಿಸಿದೆ.

ಮಲಪ್ರಭೆಯ ದಂಡೆಯವರಿಗೆ ಇದಕ್ಕಾಗಿ ದೂರದ ಉದಾಹರಣೆ ಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಹರಿದ ನೀರು ಮುನವಳ್ಳಿ, ರಾಮದುರ್ಗ ಮತ್ತು ನದಿಪಾತ್ರದ ಹಳ್ಳಿಗಳಿಗೆ ನುಗ್ಗಿದಾಗ ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗಕ್ಕೆ ಹೋದರು. ಅಂತಹ ಹೊತ್ತಿನಲ್ಲಿ ಫೋನಿಗೆ ಚಾರ್ಜ್ ಇರುವುದಿಲ್ಲ, ಟವರಿಗೆ ವಿದ್ಯುತ್ ಇರುವುದಿಲ್ಲ. ನೀರಿನಲ್ಲಿ ನೆನೆದ ನೋಟನ್ನಾದರೂ ಒಣಗಿಸಿ ಬಳಸಬಹುದು. ನದಿತೀರದ ಪಂಚಾಯಿತಿಗಳು ಮಳೆಗಾಲಕ್ಕೆ ಮುನ್ನ ನಡೆಸುವ ಸಿದ್ಧತೆಯ ಸಭೆಯಲ್ಲಿ, ದೋಣಿ ಮತ್ತು ಗಂಜಿಕೇಂದ್ರದ ಜೊತೆಗೆ, ಸಂಪರ್ಕ ಕಡಿದಾಗ ನಗದು ಒದಗಿಸುವ ಬ್ಯಾಂಕ್ ಮಿತ್ರ ಯಾರು, ಅಂಚೆ ಕಚೇರಿಯ ವ್ಯವಸ್ಥೆ ಏನು ಎಂಬುದನ್ನೂ ಕೇಳಿ ದಾಖಲಿಸಬಹುದು. ಪಾಸ್‌ಬುಕ್, ಪಡಿತರ ಚೀಟಿಗಳ ಜೊತೆ ಮನೆಗೆ ಒಂದೆರಡು ದಿನದ ಖರ್ಚಿನಷ್ಟು ಸಣ್ಣ ನೋಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವಂತೆ ತಿಳಿಸಬಹುದು.

ಜಾತ್ರೆಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಸುರೇಬಾನ ಸಮೀಪದ ಶಬರಿಕೊಳ್ಳ, ಗೊಡಚಿಯ ವೀರಭದ್ರ, ಸವದತ್ತಿಯ ಯಲ್ಲಮ್ಮನ ಗುಡ್ಡಗಳಲ್ಲಿ ಜನ ಕಿಕ್ಕಿರಿದ ದಿನ ಒಂದೇ ಟವರಿನ ಮೇಲೆ ಸಾವಿರಾರು ಫೋನುಗಳ ಭಾರ ಬೀಳುತ್ತದೆ. ಪಾವತಿ ಸುತ್ತುತ್ತಲೇ ಇರುತ್ತದೆ, ಹಿಂದಿನವರು ಗೊಣಗುತ್ತಾರೆ, ಬಳೆ ಮಾರುವವರು ‘ಹೋಗಿದೆ’ ಎಂದು ತೋರಿಸಿದ ಪರದೆಯನ್ನು ನಂಬಬೇಕಾಗುತ್ತದೆ. ನಕಲಿ ಪರದೆ ತೋರಿಸುವವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ.

ಚಿಲ್ಲರೆಯ ಮಾತು ಬಂದಾಗ ಹತ್ತು ರೂಪಾಯಿಯ ನಾಣ್ಯವನ್ನು ಮರೆಯುವಂತಿಲ್ಲ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ‘ಅದು ನಡೆಯುವುದಿಲ್ಲ’ ಎಂದು ಅಂಗಡಿಯವರೂ ಗ್ರಾಹಕರೂ ಒಬ್ಬರಿಗೊಬ್ಬರು ಹೇಳಿಕೊಂಡು ಅದನ್ನು ಚಲಾವಣೆಯಿಂದ ತಾವೇ ಹೊರಗಟ್ಟಿದ್ದಾರೆ. ಹಾಗೆ ಮಾಡಿ, ಬಳಿಕ ಚಿಲ್ಲರೆ ಇಲ್ಲವೆಂದು ಕೊರಗುವುದು ವಿಚಿತ್ರವೇ. ಆ ನಾಣ್ಯ ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿದ್ದು, ಎಲ್ಲವೂ ಮಾನ್ಯವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿದೆ. 2011ರ ನಾಣ್ಯ ಕಾಯ್ದೆಯಂತೆ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳನ್ನು 1000 ರೂಪಾಯಿ ಮೊತ್ತದವರೆಗಿನ ಪಾವತಿಗೆ ಕೊಡಬಹುದು. ಪಂಚಾಯಿತಿಯ ಕರದ ಕೌಂಟರಿನಲ್ಲಿ ‘ಹತ್ತರ ನಾಣ್ಯ ಸ್ವೀಕರಿಸಲಾಗುತ್ತದೆ’ ಎಂಬ ಫಲಕವನ್ನು ತೂಗುಹಾಕಿ, ಅದನ್ನೇ ಮರಳಿ ಚಿಲ್ಲರೆಯಾಗಿ ಕೊಡಲು ಆರಂಭಿಸಿದರೆ ಊರಿನ ಅಂಗಡಿಗಳು ಅದನ್ನು ತೆಗೆದುಕೊಳ್ಳಲು ಬಹಳ ದಿನ ಬೇಕಾಗದು.